ಆಕ್ಸಿಜನ್ ಮೆಷಿನ್ ಬ್ಯಾಟರಿ ಬೇಗ ಇಳಿಯದಿರಲು

ಬದಿಯಡ್ಕದಿಂದ ಮಂಗಳೂರಿಗೆ ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋಗಿ ಹೋಗಿ ಕಲಿತದ್ದು ಇದು. ಹೆಗಲಿಗೆ ಹಾಕುವ ಕಾನ್ಸನ್‌ಟ್ರೇಟರ್‌ನ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್) ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಕಾರು ಸ್ಟಾರ್ಟ್ ಆದ ಮೇಲೆ ಮೆಷಿನ್‌ನ ಕಾರ್ ಚಾರ್ಜರ್ ಸಿಕ್ಕಿಸಿ. ಆಗ ಬ್ಯಾಟರಿ ಆಸ್ಪತ್ರೆಯ ಕ್ಯೂಗೆ ಉಳಿಯುತ್ತದೆ. ಜಾಸ್ತಿ ಹೊತ್ತು ಬೇಕಾಗುವುದು ಅಲ್ಲೇ ಅಲ್ವಾ?

ಮೆಷಿನ್ ಗಾಳಿ ಎಳೆಯುವ ಕಡೆಯ ಫಿಲ್ಟರ್ ತೆಗೆದು ನೋಡಿ, ಅದು ಕಟ್ಟಿಕೊಂಡರೆ ಮೆಷಿನ್ ಹೆಚ್ಚು ದುಡಿಯಬೇಕಾಗುತ್ತದೆ. ನಮ್ಮದರಲ್ಲಿ ಅಡಿಕೆ ಅಂಗಳದ ಧೂಳು ಬೂದಿಯ ಹಾಗೆ ಕೂತಿತ್ತು. ತೊಳೆಯುವಂಥ ಫಿಲ್ಟರ್ ಆದರೆ ವಾರಕ್ಕೊಮ್ಮೆ ತೊಳೆದು, ಪೂರಾ ಒಣಗಿದ ಮೇಲೆಯೇ ಹಾಕಿ.

ಆಕ್ಸಿಜನ್ ಸೆಟ್ಟಿಂಗ್ ಏರಿಸಿದಷ್ಟೂ ಚಾರ್ಜ್ ಬೇಗ ಇಳಿಯುತ್ತದೆ, ನಿಜ. ಆದರೆ ಬ್ಯಾಟರಿ ಉಳಿಸಲು ಡಾಕ್ಟರ್ ಹೇಳಿದ್ದಕ್ಕಿಂತ ಕಡಿಮೆ ಇಡಲೇಬೇಡಿ, ದಯವಿಟ್ಟು. ಮನೆಯಲ್ಲಿ ಕರೆಂಟ್ ಇರುವಾಗ ಪ್ಲಗ್‌ನಲ್ಲೇ ನಡೆಸಿ.