ಇಬ್ಬರೇ ಉಳಿದ ಮನೆಗೆ ಮೊದಲ ದುರಸ್ತಿ ಬಚ್ಚಲಿನದು

ಕಿರಿಮಗಳು ಪುಣೆಗೆ ಕೆಲಸಕ್ಕೆ ಹೊರಟ ಮರುದಿನ ರೂಢಿ ತಪ್ಪದೆ ನಾಲ್ಕು ಜನರ ಲೆಕ್ಕದಲ್ಲೇ ಕಡುಬು ಬೇಯಿಸಿಬಿಟ್ಟೆ. ನಮ್ಮನೆಯವರು ರಾತ್ರಿಯೂ ಅದನ್ನೇ ತಿಂದರು. ಆ ವಾರವೇ ಮನೆ ದುರಸ್ತಿಯ ಮಾತು ಎದ್ದಿತು. ಅವರ ಕಣ್ಣು ಖಾಲಿಯಾದ ಮಕ್ಕಳ ಕೋಣೆಯ ಮೇಲೆ, ನನ್ನ ಕಣ್ಣು ಬಚ್ಚಲಿನ ಮೇಲೆ. ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯಲ್ಲಿ ಗೆದ್ದದ್ದು ಬಚ್ಚಲೇ.

ಮೊದಲು ತಿಂಗಳು ನೋಡಿಕೊಳ್ಳಿ. ಅಡಿಕೆ ಕೊಯ್ಲು ಮುಗಿಯುವವರೆಗೆ ಆಳು ಸಿಗುವುದಿಲ್ಲ. ಜೂನ್ ಹಿಡಿದ ಮೇಲೆ ಗೋಡೆ ಒಣಗುವುದಿಲ್ಲ, ಬಣ್ಣ ನಿಲ್ಲುವುದಿಲ್ಲ. ಮಧ್ಯೆ ಉಳಿಯುವುದು ಫೆಬ್ರುವರಿಯಿಂದ ಏಪ್ರಿಲ್. ಮೇಸ್ತ್ರಿಗೆ ಸಂಕ್ರಾಂತಿಗೇ ಹೇಳಿಡಿ.

ಬಚ್ಚಲು

ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆ, ಎರಡು ಮೆಟ್ಟಿಲು ಕೆಳಗೆ. ನಲವತ್ತರಲ್ಲಿ ಕಾಣದ ಮೆಟ್ಟಿಲು ಅರವತ್ತರಲ್ಲಿ ಕಾಣುತ್ತದೆ. ಸಾಧ್ಯವಿದ್ದರೆ ಮಲಗುವ ಕೋಣೆಗೆ ಅಂಟಿಕೊಂಡಂತೆ ಹೊಸದು ಕಟ್ಟಿಸಿ. ಇಲ್ಲದಿದ್ದರೆ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಅದೇ ಜಾರುಬಂಡೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ. ತರಿತರಿಯಾದ, ಸಣ್ಣ ಅಳತೆಯದು ತನ್ನಿ. ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ.

ಬಾಗಿಲು ಹೊರಗೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಮುಖದ ಬಾಗಿಲನ್ನು ತಳ್ಳಲು ಬರುವುದಿಲ್ಲ.

ಗೋಡೆಯ ಹಿಡಿಕೆ ಸಾಮಾನ್ಯವಾಗಿ 33ರಿಂದ 36 ಇಂಚು ಎತ್ತರದಲ್ಲಿರುತ್ತದೆ. ಆದರೆ ಅಳತೆ ನಿಮ್ಮ ಮೈಯದ್ದಾಗಲಿ. ನಾನು ಇವರನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗೈಗೆ ಸುಣ್ಣ ಬಳಿದು, ‘ಈಗ ಏಳಿ’ ಎಂದೆ. ಏಳುವಾಗ ಗೋಡೆಗೆ ಕೈ ಊರಿದ ಕಡೆ ಐದು ಬೆರಳು ಮೂಡಿದವು, ಅಲ್ಲೇ ಹಿಡಿಕೆ. ಮಣ್ಣಿನ ಗೋಡೆಗೆ ಬರೀ ಸ್ಕ್ರೂ ನಿಲ್ಲುವುದಿಲ್ಲ, ಆ ಜಾಗವನ್ನು ಕೊರೆದು ಕಾಂಕ್ರೀಟ್ ತುಂಬಿಸಬೇಕು. ಟವೆಲ್ ರಾಡ್ ಹಿಡಿಕೆಯಲ್ಲ. ನಮ್ಮದು ಒಮ್ಮೆ ಕೈಗೇ ಬಂದಿತ್ತು.

ಹಂಡೆಯನ್ನು ನಾನು ಬಿಟ್ಟುಕೊಡಲಿಲ್ಲ. ಅದಕ್ಕೊಂದು ನಲ್ಲಿ ಕೂರಿಸಿದೆವು, ಕುದಿನೀರು ಮೊಗೆಯುವುದು ತಪ್ಪಿತು.

ಬೆಳಕು, ಅಟ್ಟ, ಅಂಗಳ

ಮಳೆಗಾಲದಲ್ಲಿ ಕರೆಂಟು ಎರಡು ದಿನ ಬಾರದ್ದು ಇಲ್ಲಿ ಸುದ್ದಿಯೇ ಅಲ್ಲ. ಇನ್ವರ್ಟರ್ ಲೈನನ್ನು ಟಿವಿಗೆ ಕೊಡುವ ಮೊದಲು ಬಚ್ಚಲಿನ ದೀಪಕ್ಕೆ ಕೊಡಿಸಿ. ಅಟ್ಟದ ಮೇಲಿನ ಸಾಮಾನಲ್ಲಿ ವರ್ಷಕ್ಕೊಮ್ಮೆಯಾದರೂ ಬೇಕಾಗುವುದನ್ನು ಕೆಳಗಿಳಿಸಿ, ಏಣಿಯನ್ನು ಮಕ್ಕಳು ಬಂದಾಗ ಮಾತ್ರ ಮುಟ್ಟಿ. ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಬಾಗಿಲಿಂದ ಗೇಟಿನವರೆಗೆ ಒರಟು ಕಲ್ಲಿನ ದಾರಿ, ಪಕ್ಕಕ್ಕೊಂದು ಕಂಬಿ ಸಾಕು.

ಮಕ್ಕಳ ಕೋಣೆಗೆ ಒಂದು ವರ್ಷ ಕೈ ಹಾಕಬೇಡಿ. ಹೋಂಸ್ಟೇ ಮಾಡಿ ಎಂದು ಹೇಳುವವರು ಬಹಳ. ಬಂದವರ ಹಾಸಿಗೆ ಬಟ್ಟೆ ಒಗೆಯುವವರು ಯಾರೆಂದು ಅವರು ಹೇಳುವುದಿಲ್ಲ.

ಕಾಗದಪತ್ರ

ವಿಲ್ ಬರೆಯಲು ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ತೋಟ ಪಾಲಾಗುವ ಮನೆಗಳಲ್ಲಂತೂ ಮಾಡಿಸಿಬಿಡಿ. ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಬರೆಯುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಅದರಲ್ಲೇ ಇರಲಿ. ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿಯಿದೆ. ಮಕ್ಕಳ ಮೇಲೆ ಅನುಮಾನವೇ ಎಂದು ಇವರು ಕೇಳಿದರು. ಕಾಗದಕ್ಕೆ ಮುಖ ನೋಡುವ ಅಭ್ಯಾಸವಿಲ್ಲ ಎಂದೆ.

ಅರವತ್ತು ದಾಟಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಅವಧಿ ಐದು ವರ್ಷ. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ.

ಇನ್ನು, ಮುಂದೆ ಎಲ್ಲಿರುವುದು? ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾದ ಮೇಲೆ, ಬೆಂಗಳೂರಿನ ಮಗನಿಗೆ ಊರು ಹತ್ತಿರವಾಗಿದೆ. ನಿಲ್ದಾಣದಿಂದ ಮನೆವರೆಗಿನ ತಿರುವುಗಳನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆ ಮಾರಿ ಪೇಟೆ ಸೇರುವ ಮೊದಲು ಒಂದು ಮಳೆಗಾಲ ಅಲ್ಲಿದ್ದು ನೋಡಿ. ಹೊರಡುವಾಗ ಪಕ್ಕದ ಮನೆಯವರ ಕೈಗೆ ಒಂದು ಕೀಲಿ ಕೊಟ್ಟಿರಿ. ನಮ್ಮದು ಅವರ ದೇವರ ಕೋಣೆಯ ಮೊಳೆಗೆ ನೇತಾಡುತ್ತಿದೆ, ನಾಯಿಗೆ ಅನ್ನ ಹಾಕುವವರೂ ಅವರೇ.