ಕೆಲಸ ಬಿಟ್ಟ ಮೇಲೆ ಪಿಎಫ್ ವರ್ಗಾವಣೆ ಆಗದಿದ್ದರೆ: ನನ್ನ ಅನುಭವ

ನನ್ನದು ಗುತ್ತಿಗೆ ಕೆಲಸ. ಆರು ವರ್ಷದಲ್ಲಿ ಮೂರು ಕಂಪನಿ. ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ) ಒಂದೇ ಆದರೂ ಪಿಎಫ್ ದುಡ್ಡು ಮೂರು ಖಾತೆಗಳಲ್ಲಿ ಹಂಚಿಹೋಗಿತ್ತು. ವರ್ಗಾವಣೆಗೆ ಅರ್ಜಿ ಹಾಕಿದಾಗಲೆಲ್ಲ ಹಳೆ ಕೆಲಸ ಬಿಟ್ಟ ದಿನಾಂಕ ಇಲ್ಲ ಅಂತ ನಿಂತುಬಿಡುತ್ತಿತ್ತು.

ಹಳೆ ಕಂಪನಿಗೆ ಮೇಲ್ ಹಾಕಿದೆ, ಉತ್ತರವಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮತ್ತೆ ಜೋಡಿಸಿದೆ, ಪ್ರಯೋಜನವಾಗಲಿಲ್ಲ. ಪೂರ್ತಿ ತೆಗೆದುಬಿಡೋಣ ಅಂದುಕೊಂಡೆ. ಆದರೆ 5 ವರ್ಷದ ಸೇವೆ ತುಂಬುವ ಮೊದಲು 50,000 ರೂಪಾಯಿ ಅಥವಾ ಹೆಚ್ಚು ತೆಗೆದರೆ ಸಾಮಾನ್ಯವಾಗಿ ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕವೂ ಮುರಿಯಬಹುದು. ಅದಕ್ಕೇ ಕೈಬಿಟ್ಟೆ.

ಸರಿಹೋದದ್ದು ಹೀಗೆ. ಮೊದಲು ಪಿಎಫ್ ಸದಸ್ಯರ ಜಾಲತಾಣಕ್ಕೆ ಹೋಗಿ 'ವ್ಯೂ' ಒಳಗೆ 'ಸರ್ವಿಸ್ ಹಿಸ್ಟರಿ' ನೋಡಿ. ಬಿಟ್ಟ ದಿನಾಂಕದ ಜಾಗ ಖಾಲಿ ಇದ್ದರೆ ತೊಂದರೆ ಅಲ್ಲೇ ಇದೆ. ಆಮೇಲೆ 'ಮ್ಯಾನೇಜ್', 'ಮಾರ್ಕ್ ಎಕ್ಸಿಟ್'. ಹಳೆ ಪಿಎಫ್ ಸಂಖ್ಯೆ ಆರಿಸಿ, ದಿನಾಂಕ ಮತ್ತು ಕಾರಣ ಹಾಕಿ, ಆಧಾರ್ ಒಟಿಪಿ ಕೊಡಿ. ಹಳೆ ಕಂಪನಿ ಕೊನೆಯ ಪಿಎಫ್ ಕಂತು ಕಟ್ಟಿ ಎರಡು ತಿಂಗಳು ಆಗುವ ತನಕ ಇದು ನಡೆಯುವುದಿಲ್ಲ. ದಿನಾಂಕ ಕೊನೆಯ ಕಂತು ಬಂದ ತಿಂಗಳಲ್ಲೇ ಇರಬೇಕು. ಹಾಗಾಗಿ ಪಿಎಫ್ ಪಾಸ್‌ಬುಕ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಒಮ್ಮೆ ತಪ್ಪು ಹಾಕಿದರೆ ತಿದ್ದಿಸುವುದು ದೊಡ್ಡ ತಲೆನೋವು, ಎರಡು ಸಲ ನೋಡಿಯೇ ಒತ್ತಿ.

ನಂತರ 'ಆನ್‌ಲೈನ್ ಸರ್ವಿಸಸ್' ಒಳಗೆ 'ಒನ್ ಮೆಂಬರ್ ಒನ್ ಇಪಿಎಫ್' ತೆರೆದು ವರ್ಗಾವಣೆಗೆ ಅರ್ಜಿ ಹಾಕಿದೆ. ದೃಢೀಕರಣಕ್ಕೆ ಈಗಿನ ಕಂಪನಿಯನ್ನೇ ಆರಿಸಿದೆ. ಹಳೆಯ ಖಾತೆ ಮೊದಲು, ಒಂದು ಮುಗಿದ ಮೇಲೆ ಇನ್ನೊಂದು.

ಕೆಲಸವಿಲ್ಲದ ತಿಂಗಳುಗಳಿಗೆ ಪಿಪಿಎಫ್ (ನಾವೇ ದುಡ್ಡು ಕಟ್ಟುವ ಸಾರ್ವಜನಿಕ ಭವಿಷ್ಯ ನಿಧಿ) ಇಟ್ಟುಕೊಂಡಿದ್ದೇನೆ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ.