ಮೆದು ಜೆಲ್, ಗಡಸು ಜೆಲ್: ಆಕರಕೋಶವನ್ನು ಮೂಳೆಯ ಹಾದಿಗೆ ಹಚ್ಚುವ ಬಗೆ

ಅಸ್ಥಿಮಜ್ಜೆಯಿಂದ ತೆಗೆದ ಮೆಸೆಂಕೈಮಲ್ ಆಕರಕೋಶ (ಹಲವು ಬಗೆಯ ಅಂಗಾಂಶವಾಗಬಲ್ಲ ಮೂಲಕೋಶ) ಯಾವ ಅಂಗಾಂಶದತ್ತ ಹೊರಳಬೇಕೆಂಬುದನ್ನು ಪೋಷಕ ದ್ರವದ ಜತೆಗೆ ಅದು ಕುಳಿತ ನೆಲದ ಗಡಸುತನವೂ ನಿರ್ಧರಿಸುತ್ತದೆ. ಕೋಶವು ಎಳೆತದ ಬಲ ಹುಟ್ಟಿಸುವ ತನ್ನ ಮಯೋಸಿನ್ ಪ್ರೋಟೀನ್‌ನಿಂದ ನೆಲವನ್ನು ಎಳೆದು ನೋಡಿ ಅದರ ಬಿಗಿಯನ್ನು ಅಳೆಯುತ್ತದೆ. 0.1ರಿಂದ 1 ಕಿಲೋಪಾಸ್ಕಲ್‌ನ (ಗಡಸುತನದ ಅಳತೆ) ಜೆಲ್ ಮೇಲೆ ನರಕೋಶದ, 8ರಿಂದ 17ರಲ್ಲಿ ಸ್ನಾಯುವಿನ, 25ರಿಂದ 40ರಲ್ಲಿ ಮೂಳೆಕೋಶದ ಲಕ್ಷಣಗಳು ಮೂಡುತ್ತವೆಂದು ಆಡಂ ಎಂಗ್ಲರ್, ಡೆನಿಸ್ ಡಿಶರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಇದನ್ನು ಮಾಡಿ ನೋಡಲು ಪಾಲಿಅಕ್ರಿಲಮೈಡ್ ಜೆಲ್ ಅನುಕೂಲಕರ.

ಶೇ 10 ಅಕ್ರಿಲಮೈಡ್‌ಗೆ, ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಬಿಸ್‌ಅಕ್ರಿಲಮೈಡ್ ಶೇ 0.3 ಬೆರೆಸಿದರೆ ಸುಮಾರು 35 ಕಿಲೋಪಾಸ್ಕಲ್, ಬಿಸ್ ಅನ್ನು ಶೇ 0.1ಕ್ಕೆ ಇಳಿಸಿದರೆ ಸುಮಾರು 10 ಕಿಲೋಪಾಸ್ಕಲ್ ಸಿಗುತ್ತದೆ. ಹೆಪ್ಪುಗಟ್ಟದ ಅಕ್ರಿಲಮೈಡ್ ನರಗಳಿಗೆ ವಿಷವಾದ್ದರಿಂದ ಕೈಗವಸು ಕಡ್ಡಾಯ. ದ್ರಾವಣದ ಗಾಳಿ ತೆಗೆದು, ಕೊನೆಯಲ್ಲಿ ಹೆಪ್ಪುಗಟ್ಟಿಸುವ ಅಮೋನಿಯಂ ಪರ್ಸಲ್ಫೇಟ್ ಮತ್ತು ಟೆಮೆಡ್ ಸೇರಿಸಿ, ಜೆಲ್ ಕಚ್ಚಿಕೊಳ್ಳಲೆಂದು ಸಿಲೇನ್ ಹಾಗೂ ಗ್ಲುಟರಾಲ್ಡಿಹೈಡ್ ಲೇಪಿಸಿದ 18 ಮಿ.ಮೀ. ಗಾಜಿನ ಮೇಲೆ 25 ಮೈಕ್ರೋಲೀಟರ್ ಹನಿಯಿಟ್ಟು, ಜೆಲ್ ಹಿಡಿಯದಂತೆ ಸಂಸ್ಕರಿಸಿದ ಇನ್ನೊಂದು ಗಾಜನ್ನು ಓರೆಯಾಗಿ ಇಳಿಸಿ ಮುಚ್ಚಬೇಕು. ನೆಟ್ಟಗೆ ಇಟ್ಟರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಹೆಪ್ಪುಗಟ್ಟಿತೇ ಎಂದು ಗಾಜನ್ನು ಕೆದಕುವ ಬದಲು ಕೊಳವೆಯಲ್ಲಿ ಉಳಿದ ದ್ರಾವಣವನ್ನು ಓರೆ ಮಾಡಿ ನೋಡುವುದು ಜಾಣತನ. ಜೆಲ್ 70ರಿಂದ 100 ಮೈಕ್ರೋಮೀಟರ್ ದಪ್ಪವಿರಲಿ. ತೀರ ತೆಳುವಾದರೆ ಕೋಶಕ್ಕೆ ಅಡಿಯ ಗಾಜಿನ ಗಡಸೇ ತಟ್ಟುತ್ತದೆ.

ಬರಿಯ ಜೆಲ್‌ಗೆ ಕೋಶ ಅಂಟುವುದಿಲ್ಲ. ಅದಕ್ಕಾಗಿ ಜೆಲ್‌ಗೆ ಪ್ರೋಟೀನನ್ನು ಬೆಸೆಯುವ ಸಲ್ಫೋ-ಸ್ಯಾನ್‌ಪಾ ಎಂಬ ರಾಸಾಯನಿಕ ಸುರಿದು 365 ನ್ಯಾನೋಮೀಟರ್ ಅತಿನೇರಳೆ ಬೆಳಕು ಹಾಯಿಸಬೇಕು. ಕಿತ್ತಳೆ ಬಣ್ಣ ಕಂದಾದ ಬಳಿಕ ತೊಳೆದು, ಕೋಶ ಅಂಟಿಕೊಳ್ಳುವ ಪ್ರೋಟೀನ್ ಆದ ಒಂದನೆಯ ಬಗೆಯ ಕೊಲಾಜೆನ್ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಬೇಕು. ಮೆದು, ಗಡಸು ಎರಡೂ ಜೆಲ್‌ಗಳಲ್ಲಿ ಕೊಲಾಜೆನ್ ಪ್ರಮಾಣ ಒಂದೇ ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮೇಲಿನ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬದೆ, ಪ್ರತಿ ಬಾರಿಯ ಜೆಲ್ಲನ್ನು ರಿಯೋಮೀಟರ್ ಅಥವಾ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು.

ಕೋಶಗಳನ್ನು ವಿರಳವಾಗಿ, ಚದರ ಸೆಂಟಿಮೀಟರಿಗೆ ಕೆಲವು ಸಾವಿರದಷ್ಟೇ ಬಿತ್ತಬೇಕು. ದಟ್ಟವಾದರೆ ಅವು ನೆಲವನ್ನು ಬಿಟ್ಟು ಒಂದನ್ನೊಂದು ಎಳೆಯುತ್ತವೆ. ಬಿತ್ತುವ ಮೊದಲು ಅವು ಗಡಸು ಪ್ಲಾಸ್ಟಿಕ್ ತಟ್ಟೆಯಲ್ಲಿ ಎಷ್ಟು ದಿನ ಇದ್ದವೆಂಬ ಲೆಕ್ಕವೂ ಇರಲಿ. ಗಡಸು ಜೆಲ್ ಮೇಲೆ 10 ದಿನ ಇದ್ದ ಕೋಶಗಳು, ನೆಲ ಮೆದುವಾದ ಮೇಲೂ ಹಳೆಯ ಗಡಸನ್ನು ಮರೆಯಲಿಲ್ಲವೆಂದು 2014ರ ಒಂದು ಅಧ್ಯಯನ ಕಂಡಿತು. ಮೂಳೆಯ ಹಾದಿ ಹಿಡಿದವೇ ಎಂಬುದಕ್ಕೆ ಮೊದಲ ವಾರ ಮೂಳೆಯ ವಂಶವಾಹಿಗಳನ್ನು ಚಾಲೂ ಮಾಡುವ ರನ್ಎಕ್ಸ್2 ಪ್ರೋಟೀನ್, ಮೂರನೆಯ ವಾರ ಕ್ಯಾಲ್ಸಿಯಂ ತೋರಿಸುವ ಅಲಿಜರಿನ್ ಕೆಂಪು ಬಣ್ಣ ಸಾಕ್ಷಿ.

ಈ ಜೆಲ್ ತಟ್ಟೆಗೆ ಮಾತ್ರ, ದೇಹಕ್ಕಲ್ಲ. ಕಸಿಯ ಕೆಲಸಕ್ಕೆ ಆರ್‌ಜಿಡಿ ಪೆಪ್ಟೈಡ್ (ಕೋಶ ಹಿಡಿದುಕೊಳ್ಳುವ ಪುಟ್ಟ ಪ್ರೋಟೀನ್ ತುಣುಕು) ಜೋಡಿಸಿದ, ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಜೆಲ್‌ನತ್ತ ಹೋಗಬೇಕು. ಅಲ್ಲಿ ಕೋಶ ಎಲ್ಲ ಕಡೆಯಿಂದ ಜೆಲ್‌ನಲ್ಲಿ ಹುದುಗಿರುವುದರಿಂದ ಮೂಳೆಗೆ ಒದಗುವ ಗಡಸು 11ರಿಂದ 30 ಕಿಲೋಪಾಸ್ಕಲ್‌ನಷ್ಟಿದ್ದು, ತಟ್ಟೆಯ ಅಂಕಿಯನ್ನು ಹಾಗೆಯೇ ಅಲ್ಲಿಗೆ ಒಯ್ಯುವಂತಿಲ್ಲ.